ಕಟಕಟೆಯಲ್ಲಿ ಆಡಿದ ಮಾತು

ಹೊಳೆನರಸೀಪುರ
೧೮-೧೧-೨೦೦೩

ಚಿರಂಜೀವಿ ವಸಿಷ್ಠನಿಗೆ ಆಶೀರ್ವಾದಗಳು.

ನಾನು ಕ್ಷೇಮ. ನೀನು ಹೇಗಿದ್ದೀಯೆ? ಚಿತ್ರದುರ್ಗದ ನೀರು ಹೊಟ್ಟೆಗೆ ಒಗ್ಗಿತೇ? ಸ್ಕೂಲಿನಲ್ಲಿ ದಿನವಿಡೀ ಕೂಗಿ ಕೂಗಿ ಗಂಟಲು ಕಟ್ಟಿದ್ದರೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಹೋಟೆಲಿನ ಟೀಯಲ್ಲಿ ಅದು ವಾಸಿಯಾಗುವುದಿಲ್ಲ. ಮದುವೆಯಾಗದ ಮೇಷ್ಟ್ರುಗಳು ಟೀ ಕುಡಿದೇ ಬದುಕುತ್ತಾರೆಂದು ನನಗೆ ಗೊತ್ತಿಲ್ಲವೇ? ಶ್ರಾವಣದಿಂದ ಈಚೆಗೆ ನಿನ್ನಿಂದ ಒಂದು ಕಾಗದವಿಲ್ಲ. ಪೋಸ್ಟಿನ ಚಲುವಯ್ಯ ನಮ್ಮ ಬಾಗಿಲು ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾನೆ, ಪಾಪ, ತಪ್ಪು ಅವನದೇ ಏನೋ ಎನ್ನುವ ಹಾಗೆ.

ತೀರ್ಪು ಆಯಿತು. ಷಡಕ್ಷರಿ ವಕೀಲರು ನಿನಗೂ ತಿಳಿಸಿರುತ್ತಾರೆ. ಮಕ್ಕಳಿಲ್ಲದ ನಮ್ಮಕ್ಕ, ಭಾವ ನಿನ್ನನ್ನು ದತ್ತು ತೆಗೆದುಕೊಂಡದ್ದು ನಿಜವೆಂದು ಅರಕಲಗೂಡಿನ ಕೋರ್ಟು ಒಪ್ಪಿದೆ. ರಾಮನಾಥಪುರದ ಅವರ ಮನೆ, ಹೊಗೆಸೊಪ್ಪಿನ ಹೊಲ ಎಲ್ಲವೂ ನಿನ್ನವೇ. ಭಾವನ ತಮ್ಮನ ಮಗ ನರಹರಿ, 'ದತ್ತೂ ಇಲ್ಲ ಗಿತ್ತೂ ಇಲ್ಲ, ರಜಕ್ಕೆ ಬಂದ ಹುಡುಗ ಅಲ್ಲೇ ಉಳಿದುಕೊಂಡ' ಎಂದು ಹೂಡಿದ್ದ ದಾವೆ ಬಿದ್ದುಹೋಯಿತು. ಮನೆಯಲ್ಲಿ ಸಿಹಿ ಮಾಡಬೇಕಿತ್ತು. ಬಾಣಲೆ ಇಡುವ ಮನಸ್ಸಾಗಲಿಲ್ಲ ಕಣೋ.

ಶ್ರಾವಣದಲ್ಲಿ ನಾನು ಸಾಕ್ಷಿ ಹೇಳಿದ ದಿನ ಕೋರ್ಟಿನಲ್ಲಿ ಆದದ್ದನ್ನು ನೀನೇ ಕಣ್ಣಾರೆ ಕಂಡಿದ್ದೀಯೆ. ಆದರೂ ನನ್ನ ಬಾಯಿಂದ ಒಂದು ಸಲ ಕೇಳು. ಷಡಕ್ಷರಿಯವರು ಮೊದಲೇ ಹೇಳಿದ್ದರು: ದತ್ತಕಕ್ಕೆ ಕಾಗದಕ್ಕಿಂತ ಮುಖ್ಯವಾದದ್ದು, ಹೆತ್ತವರು ಮಗುವನ್ನು ಎತ್ತಿ ಕೊಟ್ಟರು, ಅವರು ಮಡಿಲಿಗೆ ತೆಗೆದುಕೊಂಡರು ಎನ್ನುವುದು. ಹೋಮ ಮಾಡಿಸಿದ ಪುರೋಹಿತರು ಇಲ್ಲ, ಅಕ್ಕ ಭಾವ ಇಲ್ಲ, ನಿನ್ನ ತಂದೆಯೂ ಇಲ್ಲ. ಕಂಡವರಲ್ಲಿ ಉಳಿದವಳು ನಾನೊಬ್ಬಳೇ. "ನೀವು ಅಳುಕಿದ್ರೆ ಹುಡುಗನಿಗೆ ಏನೂ ದಕ್ಕಲ್ಲ ತಾಯಿ" ಅಂದಿದ್ದರು. ಅಳುಕಲಿಲ್ಲ. ನಿನಗೆ ಐದು ತುಂಬಿತ್ತು, ಮಣೆಯ ಮೇಲೆ ಕೂತು ಕೊಬ್ಬರಿ ಸಕ್ಕರೆ ಮೆಲ್ಲುತ್ತಿದ್ದೆ, ನಾನೇ ಎತ್ತಿ ಅಕ್ಕನ ಮಡಿಲಲ್ಲಿ ಕೂರಿಸಿ 'ಕೊಟ್ಟೆ' ಅಂದೆ, ನೀನು ಅಳಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆಯ ವಕೀಲರು ನಗುತ್ತಾ, "ಏನಮ್ಮಾ, ಐದು ವರ್ಷದ ಮಗು ತಾಯಿನ ಬಿಟ್ಟು ಹೋಗುವಾಗ ಅಳಲೇ ಇಲ್ವಾ? ಹಂಗಾದ್ರೆ ಕೊಟ್ಟಿದ್ದೇ ಸುಳ್ಳಲ್ವಾ?" ಎಂದರು. "ಅವನಿಗೆ ಅದೂ ಅಮ್ಮನ ಮಡಿಲೇ ಸಾರ್, ಯಾಕೆ ಅಳ್ತಾನೆ?" ಅಂದೆ. ಬರೆದುಕೊಳ್ಳುತ್ತಿದ್ದ ಜಡ್ಜು ತಲೆ ಎತ್ತಿ ನನ್ನನ್ನು ನೋಡಿದರು. ನಿಜ ಹೇಳಲೇ? ನೀನು ಅಂದು ಅಳಲಿಲ್ಲವಲ್ಲ ಎಂದು ನನಗೆ ಎಷ್ಟೋ ವರ್ಷ ನಿನ್ನ ಮೇಲೆ ಕೋಪವಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆ ಮಹಾರಾಯರು ಬಿಡಬೇಕಲ್ಲ! "ಈಗ ಇವರು ನಿಮ್ಮನ್ನ ಏನಂತ ಕರೀತಾರೆ?" ಎಂದು ಕೇಳಿಬಿಟ್ಟರು. ನೀನು ಎರಡು ಮನೆಯಲ್ಲೂ ಅಮ್ಮಾ ಎಂದೇ ಕೂಗಿಕೊಂಡು ಬೆಳೆದವನು. ಅಕ್ಕ ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಲಿಲ್ಲ, ದೊಡ್ಡ ಮನಸ್ಸು ಅವಳದು. ಆದರೆ ಅದನ್ನು ಹೇಳಿದರೆ ನರಹರಿಯ ಬಾಯಿಗೆ ನಾನೇ ತುತ್ತು ಇಟ್ಟಂತೆ. "ಚಿಕ್ಕಮ್ಮ ಅಂತಾನೆ" ಅಂದೆ. "ನಿಮ್ಮ ಮಗ ಅಲ್ವಾ?" "ಅಲ್ಲ ಸಾರ್. ನಮ್ಮಕ್ಕನ ಮಗ." ಪ್ರಮಾಣ ಮಾಡಿದ ಬಾಯಲ್ಲೇ ಹೇಳಿದೆ. ನೀನು ಬೆಂಚಿನ ಮೇಲೆ ತಲೆ ತಗ್ಗಿಸಿದ್ದು ಕಾಣಿಸಿತು.

ಹೊರಗೆ ಬಂದ ಮೇಲೆ ನಿನಗೆ ಕಾಫಿ ಕುಡಿಸಿ ಕಳಿಸೋಣ ಎಂದಿದ್ದೆ. ಹಾಸನದ ಬಸ್ಸು ಹೊರಡುತ್ತಿತ್ತು. ನೀನು ಹತ್ತಿ ಕೂತು ಕಿಟಕಿಯಿಂದ "ಬರ್ತೀನಿ ಚಿಕ್ಕಮ್ಮ" ಅಂದೆ. ನರಹರಿ ಅಲ್ಲೇ ಬೀಡಾ ಅಂಗಡಿಯ ಮುಂದೆ ನಿಂತಿದ್ದ. ಅವನು ಕೇಳಲಿ ಎಂದು ಅಂದೆಯೋ, ನಾನು ಕೇಳಲಿ ಎಂದು ಅಂದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ನನ್ನ ಕಣ್ಣು ನೋಡಿ, ಹೊಲ ಮಾಡುವ ದೇವರಾಜು, "ಬುಡಿ ಅವ್ವಾ, ಕೋರ್ಟಲ್ ಆಡಿದ್ದ ಕೋರ್ಟಲ್ಲೇ ಬುಟ್ಬುಟ್ ಓಗ್ಬೇಕು, ಮನೆಗ್ ತಕ್ಕೊಂಡ್ ಓಗ್ಬಾರ್ದು ಕಣವ್ವ" ಅಂದ. ಅವನು ಒಳ್ಳೆಯ ಮಾತೇ ಹೇಳಿದ. ನನ್ನ ಕೈಯಲ್ಲಿ ಆಗಲಿಲ್ಲ.

ಐದು ವರ್ಷದವನನ್ನು ಕೊಟ್ಟಾಗ ಇಷ್ಟು ಸಂಕಟವಾಗಲಿಲ್ಲ ವಸಿಷ್ಠ. ಅಕ್ಕನ ಮನೆಯೆಂದರೆ ಬಸ್ಸು ಹತ್ತಿದರೆ ಸಿಗುವ ದೂರ, ರಜ ಬಂದರೆ ನೀನೇ ಓಡಿಬರುತ್ತಿದ್ದೆ. ಇಪ್ಪತ್ತೊಂಬತ್ತರವನನ್ನು ಈಗ ಕೊಟ್ಟೆನಲ್ಲ, ಇದನ್ನು ತಡೆದುಕೊಳ್ಳಲಾಗುತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಹೆಗ್ಗಣವನ್ನು ತುಂಬಿದ ಕೋರ್ಟಿನಲ್ಲಿ ನಾನೇ ನನ್ನದಲ್ಲ ಎಂದೆ. ಆಸ್ತಿ ಹಾಳಾಗಲಿ ಎಂದುಬಿಡಬಹುದಿತ್ತು. ಆದರೆ 'ನಾನು ಹೋದಮೇಲೂ ಈ ಮನೆಯಲ್ಲಿ ನನ್ನ ಮಗನೇ ದೀಪ ಹಚ್ಚಬೇಕು ಕಣೇ' ಎಂದು ಅಕ್ಕ ಕಡೆಗಾಲದಲ್ಲಿ ನನ್ನ ಕೈ ಹಿಡಿದು ಹೇಳಿದ್ದಳು. ಅವಳೂ ನಿನ್ನನ್ನು ಸಾಕಿದ ತಾಯಿ, ಅವಳಿಗೆ ಮೋಸ ಮಾಡುವುದು ಹೇಗೆ?

ರಜ ಸಿಕ್ಕಾಗ ಬಂದು ಆ ಮನೆಯ ಹಂಚು ಸರಿ ಮಾಡಿಸು, ಹಜಾರದಲ್ಲಿ ಸೋರುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಆಯುಷ್ಯ ಆರೋಗ್ಯ ಕೊಟ್ಟು ಕಾಪಾಡಲಿ.

ಹೀಗೆಂದು ಹರಸುವ
ಹಂಸ

ಮರೆತಿದ್ದೆ: ನರಹರಿ ಹಾಸನದಲ್ಲಿ ಅಪೀಲು ಹಾಕಿದ್ದಾನಂತೆ. ಅದು ಮುಗಿಯುವವರೆಗೂ ಹುಷಾರಾಗಿರಿ ಎಂದು ಷಡಕ್ಷರಿಯವರು ಹೇಳುತ್ತಾರೆ. ಅದಕ್ಕೇ ಮೇಲೆ ಸಹಿ ಮಾಡುವಾಗ ಬರೀ ಹೆಸರು ಬರೆದಿದ್ದೇನೆ. ಓದಿದ ಕೂಡಲೇ ಈ ಕಾಗದವನ್ನು ಬೆಂಕಿಗೆ ಹಾಕು. ನೀನು ಬರೆದರೂ 'ಚಿಕ್ಕಮ್ಮನವರಿಗೆ' ಎಂದೇ ಬರೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಪಕ್ಕದ ಸುಬ್ಬಮ್ಮನ ಮನೆಗೆ ಫೋನು ಬಂದಿದೆ, ನಂಬರನ್ನು ಲಕೋಟೆಯ ಒಳಗೆ ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಕೂತಿರುತ್ತೇನೆ. ಫೋನಿನಲ್ಲಿ ಆಡಿದ್ದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕ್ಷೇಮಸಮಾಚಾರ ಏನೂ ಬೇಡ, ಒಂದು ಸಲ ಅಮ್ಮಾ ಎಂದು ಕರೆದು ಇಟ್ಟುಬಿಡು.