ಓಮ್ನಿ ಹಿಂದಿನ ರೂಮು

5-12-2003, ಶುಕ್ರವಾರ

ಬಟ್ಟೆ ಇವತ್ತೂ ಒಣಗಲಿಲ್ಲ. ಹನ್ನೊಂದು ತುಂಡು. ತಂತಿಗೆ ಹಾಕಿ ಮೇಲೆ ಲಂಗ ಮುಚ್ಚೋದು, ಲಂಗದ ಮೇಲೆ ದುಪಟ್ಟಾ ಮುಚ್ಚೋದು. ಮುಚ್ಚಿದರೆ ಬಿಸಿಲು ಎಲ್ಲಿ ತಾಗಬೇಕು? ಆರು ವರ್ಷದಿಂದ ಇದೇ ಕೆಲಸ. ಗರ್ಭಕೋಶದ ಆಪರೇಷನ್ ಆದ ಮೇಲೆ ಉಚ್ಚೆ ನಿಲ್ಲೋದಿಲ್ಲ. ಕೆಮ್ಮಿದರೆ, ಸೀನಿದರೆ, ಗಾಡಿ ಕುಲುಕಿದರೆ... ಥೂ. ಬರೆಯೋಕೂ ಅಸಹ್ಯ. ಬರೆಯೋ ಧೈರ್ಯ ಯಾಕೆ ಅಂದರೆ, ನಾನು ಓದಿದ್ದು ಹೆಬ್ಬೂರಿನ ಕನ್ನಡ ಸ್ಕೂಲು, ಇವ್ರು ಓದಿದ್ದು ಉರ್ದು ಸ್ಕೂಲು. ಈ ಮನೇಲಿ ಇದನ್ನ ಓದೋರಿಲ್ಲ.

ಜುಮ್ಮಾ ನಮಾಜು ಆದ ಮೇಲೆ ಬಳ್ಳಾರಿಯಿಂದ ತಹಸೀನ್ ಫೋನು. ಮೊಮ್ಮಗಳು ಐಮನ್‌ಗೆ ಜನವರಿ 25ಕ್ಕೆ ಸರಿಯಾಗಿ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ. ಅವತ್ತೇ ಬಿಸ್ಮಿಲ್ಲಾ, ಮೊದಲ ಅಕ್ಷರ ಓದಿಸೋದು. ಹಿಂದೆ ಮುಂದೆ ಮಾಡೋ ಹಾಗಿಲ್ಲ.

"ಅಮ್ಮೀ, ಈ ಸಲಾನೂ ಬರಲ್ಲ ಅಂದ್ರೆ ನಾನು ಏನ್ ಹೇಳ್ಲಿ? ನಮ್ಮತ್ತೆ ದಿನಾ ಕೇಳ್ತಾರೆ, ನಿಮ್ಮಮ್ಮಂಗೆ ನಮ್ಮನೆ ನೀರು ಗಂಟಲಲ್ಲಿ ಇಳಿಯಲ್ವಾ ಅಂತ."

ಮದುವೆ ಆಗಿ ಐದೂವರೆ ವರ್ಷ. ಮಗಳ ಮನೆ ಹೊಸ್ತಿಲು ನೋಡಿಲ್ಲ. ಜಂಬ ಅಂದುಕೊಂಡಿದಾರೆ. ಅಂದುಕೊಳ್ಳಲಿ. ನಿಜ ಅವಳಿಗೂ ಹೇಳಿಲ್ಲ.

"ನೋಡೋಣಮ್ಮ" ಅಂದೆ. ಶುಕ್ರವಾರದ ದಿನ ಸುಳ್ಳು.

7-12-2003

ಇವರಿಗೆ ತಲೆ ಕೆಟ್ಟಿದೆ. ಶಿರಾ ರೋಡಿನ ಪಂಚರ್ ಅಂಗಡೀಲಿ ಯಾರೋ ಬಿಳಿ ಜನ, ಗಂಡ ಹೆಂಡ್ತಿ, ಕಾರಿನ ಹಿಂದೆ ಒಂದು ಪುಟ್ಟ ಮನೆ ಕಟ್ಟಿಕೊಂಡು ಬಂದಿದ್ದರಂತೆ. ಇವ್ರು ಲಾರಿಗೆ ಟಾರ್ಪಾಲ್ ಹೊಲಿಯೋದು ಬಿಟ್ಟು ಒಂದು ಗಂಟೆ ಅದರ ಸುತ್ತ ತಿರುಗಿ ಬಂದಿದಾರೆ.

"ನಮ್ಮ ಓಮ್ನಿ ಹಿಂದೆ ಒಂದು ರೂಮು ಕಟ್ಟಿದ್ರೆ ನೀನು ಬಳ್ಳಾರಿ ನೋಡ್ತೀಯ, ಹಜರಾ."

"ಕಕ್ಕಸ್ಸೂ ಅದರೊಳಗೇನಾ?"

"ಹೂಂ. ಒಲೇನೂ ಇತ್ತು."

ಒಂದೇ ಡಬ್ಬದಲ್ಲಿ! ಅಲ್ಲೇ ಉಣ್ಣೋದು ಅಲ್ಲೇ... ಹೇಸಿಗೆ ಅಂತ ಅವರಿಗೆ ಅನ್ನಿಸಲ್ವಾ?

ಆದರೆ ಇವ್ರು ಯಾಕೆ ಹೇಳಿದರು ಅಂತ ಗೊತ್ತು. ಎರಡು ವರ್ಷದ ಹಿಂದೆ ಇದೇ ಓಮ್ನೀಲಿ ಬಳ್ಳಾರಿಗೆ ಹೊರಟಿದ್ವಿ. ಪೆಟ್ರೋಲ್ ಬಂಕಿನ ಕಕ್ಕಸ್ಸು — ಚಿಲಕ ಇಲ್ಲ, ನೀರಿಲ್ಲ, ಕಾಲಿಡೋಕೆ ಜಾಗ ಇಲ್ಲ. ಜಾಲಿ ಗಿಡದ ಹಿಂದೆ ಹೋದೆ. ಲಾರಿಯವನೊಬ್ಬ ಹಾರ್ನ್ ಒತ್ತಿಕೊಂಡೇ ದಾಟಿದ. ನನ್ನಂಥವರಿಗೆ ಧರ್ಮದಲ್ಲಿ ರಿಯಾಯ್ತಿ ಇದೆ. ಆದರೂ ಪ್ರತಿ ನಮಾಜಿಗೂ ತೊಳೆದುಕೊಂಡು, ಬಟ್ಟೆ ಬದಲಾಯಿಸಿ, ಕೈಕಾಲು ಮುಖ ತೊಳೆದು ಹೊಸದಾಗಿ ವಜು ಮಾಡಬೇಕು. ರೋಡಲ್ಲಿ ಎಲ್ಲಿ? ಮಧ್ಯಾಹ್ನದ ಜೊಹರ್ ತಪ್ಪಿತು. ಸಂಜೆಯ ಅಸರ್ ತಪ್ಪಿತು. ಹಿರಿಯೂರಿನಿಂದ ವಾಪಸ್ ತಿರುಗಿಸಿದೆ.

ಬೇಕಾಗಿರೋದು ಮನೆ ಅಲ್ಲ. ಬಾಗಿಲಿರೋ ಒಂದು ಮೂಲೆ, ನೀರು. ಅಷ್ಟೇ.

11-12-2003

ಗುಬ್ಬಿ. ಗಂಗಹನುಮಯ್ಯ ಅಂತ, ಟ್ರ್ಯಾಕ್ಟರ್ ಟ್ರೇಲರ್ ಮಾಡೋ ವೆಲ್ಡಿಂಗ್ ಶಾಪು. ಶೆಡ್ಡಿನ ಹಿಂದೆ ಒಂದು ಹಳೇ ಡಬ್ಬ ಇತ್ತು. ಯಾವನೋ ಬಜ್ಜಿ ಬೋಂಡ ಮಾರ್ತಿದ್ದ ಗಾಡಿ. ಬಾಗಿಲು ತೆಗೆದೆ — ಎಣ್ಣೆ ಜಿಡ್ಡು ಬೆರಳು ದಪ್ಪ, ಅದರಲ್ಲಿ ಅಂಟಿಕೊಂಡು ಸತ್ತ ಜಿರಳೆ, ಸಾಯದ ಜಿರಳೆ. ಬುರ್ಖಾ ತುದಿ ಮೂಗಿಗೆ ಹಿಡಿದು ಈಚೆ ಬಂದೆ.

"ತೊಳುದ್ರೆ ಹೊಸದೇ ಕಣಮ್ಮ" ಅಂದ.

"ನೀನು ಇದರಲ್ಲಿ ಒಂದು ದಿನ ಮಲ್ಕೋ ನೋಡೋಣ."

"ನಾನ್ಯಾಕ್ ಮಲ್ಕಳ್ಲಿ, ನಮ್ಮನೇಲಿ ಮಂಚ ಐತೆ."

ಆದರೂ ಇವ್ರು ಕಟ್ಟಿ ನೋಡಿದರು. ಎಲ್ಲಾ ದಪ್ಪ ಕಬ್ಬಿಣ. ಶೆಡ್ಡಿನ ಮುಂದಿನ ಏರು ಹತ್ತೋ ಹೊತ್ತಿಗೆ ಓಮ್ನಿಯಿಂದ ಕ್ಲಚ್ ಸುಟ್ಟ ವಾಸನೆ.

"ಈ ಗಾಡಿಗೆ ಹಿಂದಿಂದೆಲ್ಲಾ ಸೇರಿ ಇನ್ನೂರೈವತ್ತು ಕಿಲೋ ಸಾಹೇಬ್ರೆ, ಅದರ ಮೇಲೆ ಬ್ಯಾಡ" ಅಂದ ಗಂಗಹನುಮಯ್ಯ. ಮಾತು ಒರಟು, ಆದರೆ ಜಿಡ್ಡು ಗಾಡಿನ ನಮ್ಮ ತಲೆಗೆ ಕಟ್ಟಲಿಲ್ಲ.

16-12-2003, ಸಂಜೆ

ಕುಣಿಗಲ್‌ಗೆ ಹೋಗಬಾರದಿತ್ತು.

ಅಲ್ಲಿ ಮಾರಾಟಕ್ಕಿದ್ದ ಡಬ್ಬ ರೇಸ್ ಕುದುರೆ ಸಾಹೇಬ ಒಬ್ಬರದಂತೆ. "ಲಂಡನ್ ಮಾಲು ಮೇಡಂ" ಅಂದ ಬ್ರೋಕರ್. ಇಬ್ಬರು ಸೇರಿ ಕೈಯಲ್ಲೇ ಎತ್ತಿ ತಿರುಗಿಸಿದರು, ಅಷ್ಟು ಹಗುರ. ಒಳಗೆ ಬಿಳೀ ಗೋಡೆ. ಪರದೆ. ನಲ್ಲಿ. ಚಿಲಕ ಇರೋ ಬಾಗಿಲು! ಒಂದು ನಿಮಿಷ ನನ್ನ ಎದೆ ಹೊಡ್ಕೊಂಡಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹಾಸಿಗೆ ಮುಟ್ಟಿದೆ. ಪೂರ್ತಿ ನಾಯಿ ಕೂದಲು. ಎರಡು ದೊಡ್ಡ ನಾಯಿ ಆ ಸಾಹೇಬರ ಜೊತೆಗೇ ಮಲಗ್ತಿದ್ದವಂತೆ. ನಾಯಿ ಬಾಯಿ ಹಾಕಿದ ಪಾತ್ರೆನೇ ಏಳು ಸಲ ತೊಳೆಯೋರು ನಾವು. ಈ ಹಾಸಿಗೆ, ಈ ಗೋಡೆ, ಈ ನೆಲ ಎಷ್ಟು ಸಲ? ಮಂಚದ ಕೆಳಗೆ ಒಂದು ಪೆಟ್ಟಿಗೆ. ಬ್ರೋಕರ್ ಶೋಕಿಯಾಗಿ ಎಳೆದ. ಅದೇ ಕಕ್ಕಸ್ಸು. ಒಲೆಗೂ ಅದಕ್ಕೂ ಒಂದು ಮೊಳ. ಖಾಲಿ ಮಾಡಿರಲಿಲ್ಲ.

ಹೊರಗೆ ಬಂದು ವಾಂತಿ ಮಾಡಿದೆ. ವಾಂತಿ ಮಾಡಿದರೆ ಇನ್ನೊಂದೂ ಆಗುತ್ತೆ. ಆಯಿತು. ನಿಂತಲ್ಲೇ.

ಬ್ರೋಕರ್ ನಗ್ತಾ, "ಮೇಡಂಗೆ ಲಗ್ಝರಿ ಆಗಿಬರಲ್ಲ, ಬಸ್ಸಲ್ಲಿ ಕಳಿಸಿ ಸಾರ್" ಅಂದ. ಆಗ ಇವ್ರು, ಬಾಯಿ ಬಿದ್ದು ಹೋಗಲಿ, "ನಮ್ಮನೆಯವರಿಗೆ ನಿಲ್ಲಲ್ಲಪ್ಪ, ಬಸ್ಸಲ್ಲಿ ಆಗಲ್ಲ, ಅದಕ್ಕೇ" ಅಂದುಬಿಟ್ಟರು.

ಅವನು ನನ್ನ ಮುಖ ನೋಡಲಿಲ್ಲ. ಕೆಳಗೆ ನೋಡಿದ.

ತುಮಕೂರಿನ ಮನೆಗೆ ಬಂದವಳೇ ಬಟ್ಟೆ ನೆನೆಹಾಕಿದೆ. ಆ ಡಬ್ಬಕ್ಕಿಂತ ಹೊಲಸು ಅದರ ಮುಂದೆ ಆಡಿದ ಆ ಒಂದು ಮಾತು. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಮನುಷ್ಯ.

28-12-2003

ಇವರ ಹತ್ತಿರ ಮಾತು ಬಿಟ್ಟು ಹನ್ನೆರಡು ದಿನ. ಅನ್ನ ಬಡಿಸ್ತೀನಿ, ಅಷ್ಟೇ.

ಇವತ್ತು ಓಮ್ನಿ ಬಾಗಿಲು ತೆಗೆದರೆ ನನ್ನ ಸೀಟಿಗೆ ಹೊಸ ಕವರ್. ಒಳಗೆ ಟಾರ್ಪಾಲ್, ಮೇಲೆ ಕಾಟನ್, ಅಂಚಿಗೆ ಎರಡು ಹೊಲಿಗೆ. ಬಿಚ್ಚಿ ತೊಳೆಯೋ ಹಾಗೆ ಗುಂಡಿ ಇಟ್ಟಿದಾರೆ. ಯಾವಾಗ ಹೊಲಿದರೋ.

"ಗಂಗಹನುಮಯ್ಯಂಗೆ ಹೇಳಿದೀನಿ, ಹೊಸದೇ ಮಾಡ್ತಾನೆ. ಪೈಪಿನ ಫ್ರೇಮು, ಪ್ಲೈವುಡ್ ನೆಲ. ಗೋಡೆ ನನ್ನ ಟಾರ್ಪಾಲು. ಅವನಿಗೆ ಏನೂ ಹೇಳಿಲ್ಲ" ಅಂದರು. ಬೇರೆ ಕಡೆ ನೋಡ್ಕೊಂಡು.

"ಒಲೆ ಒಳಗೆ ಬೇಡ" ಅಂದೆ. ಹನ್ನೆರಡು ದಿನದ ಮೇಲೆ ಮೊದಲ ಮಾತು ಅದೇ ಆಯಿತು.

9-1-2004

ಗುಬ್ಬಿ. ಫ್ರೇಮು ನಿಂತಿದೆ. ಹಿಂದೆ ತೊಳೆಯೋ ಜಾಗ, ಮುಂದೆ ನಮಾಜಿನ ಜಾಗ, ನಡುವೆ ಎರಡಿಂಚು ಕಟ್ಟೆ. ಆ ನೀರು ಈ ಕಡೆ ಬರಬಾರದು ಅಂತ ನಾನೇ ಚಾಕ್‌ಪೀಸಲ್ಲಿ ಗೆರೆ ಎಳೆದೆ. ತೂಕದ ಕಾಟಾಕ್ಕೆ ಹತ್ತಿಸಿದರು. ಬರೀ ಗಾಡಿ ಇನ್ನೂರ ಹತ್ತು ಕಿಲೋ.

"ನೀರಿಗೆ ಡ್ರಮ್ ಎಷ್ಟು ದೊಡ್ದು ಕೂರ್ಸನ?" ಅಂದ ಗಂಗಹನುಮಯ್ಯ.

"ಹತ್ತು ಕೊಡ" ಅಂದೆ.

"ಏನ್ ತಾಯಿ! ಹತ್ತು ಕೊಡ ಅಂದ್ರೆ ಇಬ್ರು ಗಂಡಸ್ರುನ್ನ ಹಿಂದೆ ಹೇರ್ದಂಗೆ. ಶಿರಾ ದಾಟಲ್ಲ ಈ ಓಮ್ನಿ. ಎಲ್ಡು ಕೊಡ, ಮುಗೀತು."

"ಎರಡು ಸಾಲಲ್ಲ."

"ಯಾಕೆ, ಬಳ್ಳಾರಿಗಂಟ ಸ್ನಾನ ಮಾಡ್ಕಂಡೇ ಹೋಗ್ತೀರಾ?" ಕಿಸಕ್ಕನೆ ನಕ್ಕ. ಇವ್ರು ಬಾಯಿ ತೆಗೆಯೋಕೆ ಹೋದರು. ನಾನು ನೋಡಿದ ನೋಟಕ್ಕೆ ಮುಚ್ಚಿದರು.

ಅವನ ಹೆಂಡ್ತಿ ರಂಗಲಕ್ಷ್ಮಮ್ಮ ಕಾಫಿ ತಂದಳು. ತಗೊಳ್ಳೋಕೆ ಕುರ್ಚಿಯಿಂದ ಎದ್ದೆ. ಏಳೋ ಹೊತ್ತಿಗೇ ಗೊತ್ತಾಯಿತು. ಕುರ್ಚಿ ಒದ್ದೆ. ಅವಳು ನೋಡಿಬಿಟ್ಟಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು... ಅಷ್ಟರಲ್ಲಿ ಅವಳು ಕೈಲಿದ್ದ ನೀರಿನ ಚೊಂಬು ಕುರ್ಚಿ ಮೇಲೆ ಪೂರ್ತಿ ಬಗ್ಗಿಸಿದಳು.

"ಅಯ್ಯಯ್ಯೋ, ನನ್ ಕೈ ಸೇದೋಗ! ಅಮ್ಮಾರ ಬಟ್ಟೆ ಎಲ್ಲಾ ನೆನ್ಸ್‌ಬುಟ್ಟೆ. ಬನ್ನಿ ಒಳಕ್ಕೆ!"

"ಕಣ್ಣು ಎಲ್ಲಿಟ್ಟಿದ್ದೀಯೇ?" ಅಂದ ಗಂಡ.

"ನಿನ್ ತಲೆ ಮೇಲೆ."

ಬಚ್ಚಲಿಗೆ ಬಿಟ್ಟಳು. ಒಂದು ಹಳೇ ಸೀರೆ ತುಂಡು ಕೊಟ್ಟಳು, ನಾನು ಕೇಳದೇನೇ. "ನಂಗೂ ಅದೇ ಕಣವ್ವ, ಮೂರನೇದು ಆದಾಗ್ಲಿಂದ. ಆ ಗೂಬೆಗೆ ಹೇಳಿಲ್ಲ ನಾನು."

ನಾನು ಅಳಲಿಲ್ಲ. ಸಿಟ್ಟು ಬಂತು. ಇವಳಿಗೂ ಗೊತ್ತಾಯಿತಲ್ಲ ಅಂತ. ಇಷ್ಟು ಒಳ್ಳೆಯವಳ ಮೇಲೆ ಸಿಟ್ಟು, ಅದೂ ಒಂದು ಹೊಲಸೇ.

"ನೀರು ಯಾಕವ್ವ ಹೊರ್ತೀರ?" ಅಂದಳು. "ದಾರೀಲಿ ಎಲ್ಲೆಲ್ಲೂ ಪಂಪ್‌ಸೆಟ್ ಐತೆ. ಕೊಡ ಹಿಡ್ಕಂಡು ಕೇಳಿ."

"ಏನಂತ ಕೇಳ್ಲಿ?"

"ಹೆಂಗಸ್ರುನ್ನ ಕೇಳಿ. ಅರ್ಧ ಹೇಳಿದ್ರೆ ಸಾಕು."

ಎರಡು ಕೊಡದ ಡ್ರಮ್ ಅಂತಲೇ ಆಯಿತು. ಗುರುತಿಲ್ಲದವರ ಹೊಲದಲ್ಲಿ ನಿಂತು ನನ್ನ ಹೊಲಸಿಗೆ ನೀರು ಬೇಡೋದು. ಅದು ನನ್ನ ಕೈಲಿ ಆಗೋದಲ್ಲ. ಇವ್ರೇ ಕೇಳಲಿ. ಅಯ್ಯೋ, ಇವ್ರು ಕೇಳಿದರೆ ಮತ್ತೆ ಅದೇ ಕುಣಿಗಲ್!

18-1-2004

ಬಿದರೆಹಳ್ಳ ಕಾವಲಿನ ಬಯಲಲ್ಲಿ ರಿವರ್ಸ್ ಪ್ರಾಕ್ಟೀಸ್. ಇವ್ರು ಎಡಕ್ಕೆ ತಿರುಗಿಸಿದರೆ ಡಬ್ಬ ಬಲಕ್ಕೆ ಹೋಗುತ್ತೆ. ಸಗಣಿ ಗುಂಡಿಗೆ ಒಂದು ಚಕ್ರ. ದನ ಕಾಯೋರು ಕೂತು ತಮಾಷೆ ನೋಡಿದರು. ತೊಳೆದಿದ್ದು ನಾನು.

ತಹಸೀನ್‌ಗೆ ಫೋನ್ ಮಾಡಿ ಬರ್ತೀನಿ ಅಂದೆ. ನಿಜವಾಗ್ಲೂನಾ ಅಂತ ಎರಡು ಸಲ ಕೇಳಿದಳು. ಆಮೇಲೆ, "ನಮ್ಮತ್ತೆಗೆ ಹೇಳ್ಲಾ?"

"ಹೇಳು."

24-1-2004, ಬೆಳಿಗ್ಗೆ

ಫಜರ್ ನಮಾಜು ಮುಗಿಸಿ, ಸಾಮಾನು ಹೇರಿ, ಒಂಬತ್ತಕ್ಕೆ ಹೊರಟ್ವಿ. ನಮ್ಮ ಮರಳೂರಿನ ಜನ ಎಲ್ಲಾ ಬಾಗಿಲಿಗೆ ಬಂದು ನೋಡಿದರು. "ಏನ್ ಹಜರಾ ಬೀ, ಐಸ್‌ಕ್ರೀಮ್ ವ್ಯಾಪಾರನಾ?" ಗಾಡಿ ಬಾಗಿಲು ಎಳೆದುಕೊಂಡೆ.

ಅದೇ ದಿನ, ಮಧ್ಯಾಹ್ನ 12-50

ಹಿರಿಯೂರು ದಾಟಿ ನಿಂತಿದೀವಿ. ನೀರು ಮುಗೀತು. ರೋಡೆಲ್ಲಾ ಗುಂಡಿ, ಎರಡು ಸಲ ತೊಳೆಯಬೇಕಾಯಿತು, ಎರಡು ಕೊಡಾನೂ ಖಾಲಿ. ಜೊಹರ್ ಹೊತ್ತು ಆಗಿದೆ, ಮತ್ತೆ ಒದ್ದೆ ಕೂತಿದೀನಿ. ಡಬ್ಬದೊಳಗೆ ನನ್ನದೇ ವಾಸನೆ. ನಾಯಿ ಸಾಹೇಬನ ಡಬ್ಬಕ್ಕೆ ಮೂಗು ಮುಚ್ಚಿದವಳು ನಾನು.

ರೋಡಿನ ಪಕ್ಕ ಪಂಪ್‌ಸೆಟ್ ಓಡ್ತಿದೆ. ತೊಟ್ಟಿ ಹತ್ತಿರ ಒಬ್ಬಳು ಬಟ್ಟೆ ಒಗೀತಿದಾಳೆ. ಇವ್ರು ಕೊಡ ತಗೊಂಡು, "ನಾನು ಕೇಳ್ಕೊಂಡು ಬರ್ಲಾ?" ಅಂದರು. ಕೊಡ ಕಿತ್ತುಕೊಂಡೆ.

ಒಂದು ಕಡೆ ಬಳ್ಳಾರಿ, ಒಂದು ಕಡೆ ಮನೆ. ಹೋದ ಸಲ ಇಲ್ಲಿಂದಲೇ ತಿರುಗಿಸಿದ್ದು.

ಅವಳು ಹಿಂಡೋದು ಮುಗಿಸಲಿ, ಕೇಳ್ತೀನಿ ಅಂತ ಕೂತಿದ್ದೆ. ಮುಗೀತು. ಇನ್ನೊಂದು ಸೀರೆ ಇರಬಹುದು ಅಂದುಕೊಂಡೆ. ಇಲ್ಲ. ಕೈ ಒರೆಸಿಕೊಂಡು ಈ ಕಡೆಗೇ ನೋಡ್ತಿದಾಳೆ. ಅಕ್ಕಾ ಅಂತ ಶುರು ಮಾಡಬೇಕು. ಅರ್ಧ ಹೇಳಿದರೆ ಸಾಕು ಅಂತ ರಂಗಲಕ್ಷ್ಮಮ್ಮ ಅಂದಿದ್ದಳಲ್ಲ, ಯಾವ ಅರ್ಧ ಅಂತ ನಾನು ಕೇಳಲೇ ಇಲ್ಲ. ಇಳೀತೀನಿ. ಕೊಡ ಎತ್ತಿಕೊಂಡೆ —