ಉಗುರಗಲದ ಚಿತ್ರಗಳು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನೀನು ಕೇಳಿದ ಪುಟ್ಟಿಯ ಫೋಟೋಗಳು ತೆರೆಯಲೇ ಇಲ್ಲ, ಹಾಳಾಗಿವೆ ಎಂದು ಎರಡು ಸಾಲು ಗೀಚಿ ಮುಗಿಸಿಬಿಡೋಣ ಅಂದುಕೊಂಡಿದ್ದೆ. ನೀನು ನಂಬುತ್ತಿದ್ದೆ. ಆದರೆ ಅವು ತೆರೆದಿವೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಕೂತದ್ದೂ ಅದಕ್ಕೇ. ಬೈದುಕೋ, ಆದರೆ ಪೂರ್ತಿ ಓದು.

ನಿನ್ನ ಮಂಡಿನೋವು ಹೇಗಿದೆ? ಪುಟ್ಟಿ ತೀರಿಕೊಂಡ ಮೇಲೆ ರಜೆ ಹಾಕಿದ್ದ ಇವರು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಊಟದ ಮೇಜಿನ ಮೂರನೆಯ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಹಾಕಿರುತ್ತಾರೆ. ಮಡಚಿಡಿ ಎಂದು ನಾನೂ ಹೇಳುವುದಿಲ್ಲ.

ಅವಳ ಫೋನಿನಲ್ಲಿದ್ದ ಚಿತ್ರಗಳನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಇಳಿಸಿಕೊಂಡೆ. ಪಠ್ಯಪುಸ್ತಕದ ಚಿತ್ರಗಳನ್ನು ಅಚ್ಚಿಗೆ ಸಿದ್ಧಮಾಡುವವಳಿಗೆ ಕೆಟ್ಟ ಫೈಲು ಹೊಸದೇನಲ್ಲ. ಮರ, ಬೆಕ್ಕು, ಕಾಲೇಜಿನ ಗೆಳತಿಯರು, ಎಲ್ಲ ತೆರೆದವು. ಮನೆಯವರ ಚಿತ್ರಗಳು ಮಾತ್ರ ಬರೀ ಬೂದು ಚೌಕ. ಪಕ್ಕದ ಮೇಜಿನಲ್ಲಿ ಕರಡು ತಿದ್ದುವವರು, "ಬಿಡಿ ಮೇಡಂ, ನಿಮ್ಮ ಕೈಗೆ ಸಿಕ್ಕಿದ ಮೇಲೆ ಫೈಲಿಗೆ ಸಾಯೋಕೂ ಧೈರ್ಯ ಬರಲ್ಲ" ಎಂದು ನಕ್ಕರು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು. ಸಂಜೆಯವರೆಗೆ ನನ್ನತ್ತ ನೋಡಲಿಲ್ಲ, ಪಾಪ.

ಚಿತ್ರಗಳು ಸರಿಯಾಗಿಯೇ ಇದ್ದವು, ಅಕ್ಕಾ. ಪ್ರತಿ ಫೈಲಿನ ತಲೆಯಲ್ಲಿ ಅದರ ವಿವರ ಇರುತ್ತದೆ: ಯಾವಾಗ ತೆಗೆದದ್ದು, ಎಷ್ಟು ದೊಡ್ಡದು. ಜೊತೆಗೆ ಅದೇ ಚಿತ್ರದ ಉಗುರಗಲದ ನಕಲು. ಪುಟ್ಟಿ ಯಾವುದೋ ಆ್ಯಪಿನಲ್ಲಿ ಈ ಚಿತ್ರಗಳ ಅಂಚು ಕತ್ತರಿಸಿದ್ದಳು. ಆ ಆ್ಯಪು ನಕಲನ್ನು ಕತ್ತರಿಸದೆ ಹಾಗೇ ಬಿಟ್ಟು, ಅದರ ಅಳತೆಯನ್ನು ತಪ್ಪಾಗಿ ಬರೆದಿತ್ತು. ಕಂಪ್ಯೂಟರು ಆ ಅಳತೆಯನ್ನು ನಂಬಿ, ಇಲ್ಲದ್ದನ್ನು ಹುಡುಕಿ, ಸೋತು ನಿಲ್ಲುತ್ತಿತ್ತು. ನಕಲನ್ನು ಹೊರಗೆ ತೆಗೆದೆ. ದೊಡ್ಡ ಚಿತ್ರ ತೆರೆಯಿತು: ಮೆಟ್ಟಿಲ ಮೇಲೆ ಪುಟ್ಟಿ, ಅವಳ ಅಪ್ಪ. ಸುಮ್ಮನೆ ಆ ನಕಲನ್ನೂ ನೋಡಿದೆ. ಅದರಲ್ಲಿ ಅವಳ ಪಕ್ಕ ನಾನೂ ಇದ್ದೆ.

ಉಳಿದವನ್ನೂ ತೆರೆದೆ. ಎಲ್ಲದರಲ್ಲೂ ಅಷ್ಟೇ: ನಕಲಿನಲ್ಲಿ ನಾನಿದ್ದೇನೆ, ದೊಡ್ಡದರಲ್ಲಿ ಇಲ್ಲ.

"ಈ ವಯಸ್ಸಿನವರು ಹಾಗೇ ಕಣೇ, ಚೆನ್ನಾಗಿ ಕಾಣೋರನ್ನ ಮಾತ್ರ ಇಟ್ಕೋತಾರೆ" ಅಂದರು ಇವರು.

"ನೀವು ಚೆನ್ನಾಗಿ ಕಾಣ್ತೀರಾ?"

ಹೊಟ್ಟೆ ತಟ್ಟಿಕೊಂಡು ನನ್ನನ್ನು ನಗಿಸಲು ನೋಡಿದರು. ಆಗಲಿಲ್ಲ. ಇಬ್ಬರೂ ಅತ್ತೆವು.

ಯಾವ ಮಾತಿಗೆ ಹೀಗೆ ಮಾಡಿದಳು ಎಂದು ಹುಡುಕುತ್ತಲೇ ಇದ್ದೇನೆ. ದೊಡ್ಡ ಜಗಳವಾಗಿದ್ದರೆ ನೆನಪಿರುತ್ತಿತ್ತು. ನನಗೆ ಅವಳು ನನ್ನ ಜೊತೆ ಚೆನ್ನಾಗಿಯೇ ಇದ್ದ ಹಾಗೆ ಕಾಣುತ್ತಿತ್ತು. ದೊಡ್ಡಮ್ಮ ಅಂತ ನಿನ್ನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದಳಲ್ಲ, ಏನಾದರೂ ಹೇಳಿದ್ದರೆ ಬರೆ. ನನಗೆ ನೋವಾಗಬಾರದೆಂದು ಸುಳ್ಳು ಬರೆಯಬೇಡ.

ನಾನಿರುವ ನಕಲನ್ನು ಹಿಗ್ಗಿಸಿದರೆ ಮುಖಗಳು ಚೂರುಚೂರಾಗುತ್ತವೆ. ಅದಕ್ಕೆ ನೀನು ಕೇಳಿದಂತೆ ದೊಡ್ಡವನ್ನೇ ಅಚ್ಚು ಹಾಕಿಸಿ ಇದರೊಳಗಿಟ್ಟಿದ್ದೇನೆ. ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ತಂಗಿ

ಮರೆತಿದ್ದೆ: ಕೊನೆಯದು ಆಸ್ಪತ್ರೆಯದು. ಹಾಸಿಗೆಯಲ್ಲಿ ಕೂತಿದ್ದಾಳೆ, ನರ್ಸ್ ತೆಗೆದದ್ದು. ಅಷ್ಟು ನಿತ್ರಾಣದಲ್ಲೂ ಅದನ್ನು ಕತ್ತರಿಸಿದ್ದಾಳೆ. ಹೆಗಲ ಮೇಲೆ ನನ್ನ ಬೆರಳುಗಳು ಮಾತ್ರ ಉಳಿದಿವೆ. ಅವನ್ನು ತೆಗೆಯಲು ತನ್ನ ಹೆಗಲನ್ನೇ ಕತ್ತರಿಸಬೇಕಿತ್ತು. ಅದಕ್ಕೆ ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ತಿಳಿಯದು. ಚೌಕಟ್ಟು ಹಾಕಿಸುವುದಾದರೆ ಅದಕ್ಕೇ ಹಾಕಿಸು. ಯಾರ ಬೆರಳು ಎಂದು ಯಾರಾದರೂ ಕೇಳಿದರೆ ನರ್ಸಿನವು ಅನ್ನು.

ಹದಿನಾಲ್ಕಕ್ಕೆ ಅವಳಿಗೆ ಇಪ್ಪತ್ತು ತುಂಬುತ್ತಿತ್ತು. ಆ ದಿನ ಕಳೆಯಲಿ. ಅಂಚೆಗೆ ಹಾಕುವುದು ಮಾರ್ಚ್ ಹದಿನೈದಕ್ಕೆ.