ಮೀನಿನ ಪೇಟೆಯ ಮರಿಯಮ್ಮ

ಪರಮಪ್ರಸಾದದ ಹಬ್ಬ ಕಳೆದ ಮೂರನೆಯ ದಿನ, ಬೆಳಗ್ಗೆ

ಮಠದಲ್ಲಿರುವ ನನ್ನ ಇಡೋನಿಯಾ ಅಕ್ಕನಿಗೆ, ತಂಗಿ ಅವಿಸ್ ಮಾಡುವ ನಮಸ್ಕಾರ.

ಹ್ಯೂ ಈಗಷ್ಟೇ ಕಣ್ಣು ಮುಚ್ಚಿದ್ದಾನೆ. ತೊಟ್ಟಿಲನ್ನು ಕಾಲಲ್ಲಿ ತೂಗುತ್ತ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಅವನಿಗೆ ಮೂರು ತಿಂಗಳು ತುಂಬಿತು. ನಾನು ನೆಟ್ಟಗೆ ನಿದ್ದೆ ಮಾಡಿಯೂ ಅಷ್ಟೇ ಆಯಿತು. ಅವನು ಮಲಗಿದರೆ ಉಸಿರಾಡುತ್ತಿದ್ದಾನೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಮೊದಲನೆಯದನ್ನು ಮಣ್ಣಿಗಿಟ್ಟ ಮೇಲೆ ಅಂಟಿದ ಚಾಳಿ.

ದೇವರ ಕಥೆಯನ್ನು ಲ್ಯಾಟಿನ್ ಬಿಟ್ಟು ಬೀದಿಯ ಮಾತಿನಲ್ಲಿ, ಅದೂ ಮನೆಗೆ ಹುಲ್ಲು ಹೊದಿಸುವವರ ಬಾಯಲ್ಲಿ ಆಡಿಸುವುದು ತರವೇ ಎಂದು ನೀನು ಓಲೆಯಲ್ಲಿ ಕೇಳಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸಂಕಟ ಕೇಳು.

ಹಬ್ಬದ ದಿನ ಒಂದೊಂದು ಕಸುಬಿನ ಸಂಘ ದೇವರ ಒಂದೊಂದು ಕಥೆ ಆಡುತ್ತದಲ್ಲ, ಅದರಲ್ಲಿ ಯೇಸು ಹುಟ್ಟಿದ ಆಟ ಈ ವರ್ಷವೂ ಹುಲ್ಲು ಹೊದಿಸುವ ನನ್ನ ಗಂಡನ ಸಂಘದ್ದೇ. ಇವರದು ಜೋಸೆಫ್ ವೇಷ, ನುಣುಪು ಕೆನ್ನೆಯ ಹುಡುಗ ಪಿಯರ್ಸ್‌ನದು ಮರಿಯಮ್ಮನ ವೇಷ. ಪ್ರತಿ ವರ್ಷ ಯೇಸುವಿನ ಜಾಗದಲ್ಲಿ ಮರದ ಬೊಂಬೆ ಮಲಗಿಸುತ್ತಿದ್ದರು. ಈ ಸಲ ಇವರು ನನ್ನನ್ನು ಒಂದು ಮಾತೂ ಕೇಳದೆ, ಹ್ಯೂನನ್ನು ಕೊಡುತ್ತೇನೆಂದು ಸಭೆಯಲ್ಲಿ ಒಪ್ಪಿ ಬಂದರು. ಆಳೆತ್ತರದ ಗಾಡಿಯ ಮೇಲೆ, ಊರಿನ ಹನ್ನೆರಡು ಕಡೆ ನಿಂತು, ಹನ್ನೆರಡು ಸಲ ಆಡಬೇಕು.

"ಪಿಯರ್ಸ್ ಕೈಗೆ ಕೊಡೋದಾ? ಏಣಿ ಮೇಲೆ ಹುಲ್ಲಿನ ಕಟ್ಟನ್ನೇ ನೆಟ್ಟಗೆ ಹಿಡ್ಕೊಳ್ಳಲ್ಲ ಅವನು" ಅಂದೆ.

"ಏನೂ ಆಗಲ್ಲ ಬಿಡೇ. ಯೇಸುವಾಗೋ ಭಾಗ್ಯ ಎಲ್ಲರ ಮಗನಿಗೂ ಸಿಗತ್ತಾ?" ಅಂದರು.

ಎರಡು ದಿನ ಊಟ ಬಿಟ್ಟೆ. ಕೊನೆಗೆ ಗಾಡಿಯ ಕೆಳಗೆ, ವೇಷ ಕಟ್ಟುವ ಪರದೆಯೊಳಗೆ ನಾನು ಕೂರುವುದೆಂದು ತೀರ್ಮಾನವಾಯಿತು. ಹೆಂಗಸರು ಮೇಲೆ ಹತ್ತುವಂತಿಲ್ಲ. ಹತ್ತಿದ್ದು ತಿಳಿದರೆ ಆಟವನ್ನೇ ಬೇರೆ ಸಂಘಕ್ಕೆ ಕೊಟ್ಟುಬಿಡುತ್ತಾರೆ.

ಆರು ಕಡೆ ಸುಸೂತ್ರವಾಗಿ ಮುಗಿಯಿತು. ನಡುನಡುವೆ ಇಳಿಸಿಕೊಂಡು ಹಾಲು ಕೊಟ್ಟೆ. ಒಮ್ಮೆ ಹ್ಯೂ ಪಿಯರ್ಸ್‌ನ ಎದೆ ತಡಕಿದಾಗ ಕೆಳಗಿನಿಂದ ಯಾರೋ ಹೆಂಗಸು, "ಅಲ್ಲೇನಿಲ್ಲ ಕಣೋ ಸ್ವಾಮಿ, ಬರೀ ಹುಲ್ಲು" ಎಂದು ಎಲ್ಲರನ್ನೂ ನಗಿಸಿದಳು. ಏಳನೆಯದು ಮೀನಿನ ಪೇಟೆ. ಬಿಸಿಲಿನ ಜೊತೆ ಹೆಂಡ ಬೇರೆ. ಪಿಯರ್ಸ್ ಪರದೆಯೊಳಗೆ ಬಂದು ವಾಂತಿ ಮಾಡಿಕೊಂಡ. ಹ್ಯೂ ಉಸಿರುಕಟ್ಟಿ ಅಳುತ್ತಿದ್ದ. ಹೇಗೋ ಆಟ ನಡೆಯಿತು. ಮರಿಯಮ್ಮ ಎತ್ತಿಕೊಂಡೊಡನೆ ಮಗು ಸುಮ್ಮನಾಯಿತು. ಆಗ ಜೋಸೆಫ್ ಮೊಣಕಾಲೂರಿ ಹೇಳುವ ಮಾತು ಬಂತು: "ನಿನ್ನನ್ನ ಕೇಳದೆ ಈ ಚಳಿಗೆ ಕರ್ಕೊಂಡು ಬಂದೆ. ತಪ್ಪು ನಂದೇ ಕಣೆ." ಆರು ಸಲ ಗಡಗಡನೆ ಒಪ್ಪಿಸಿದ್ದವರು ಈ ಸಲ ಮಾತಿನ ನಡುವೆ ತಡೆದುಬಿಟ್ಟರು. ಉಳಿದ ಐದು ಕಡೆ ಪಿಯರ್ಸ್ ಬೊಂಬೆಯನ್ನೇ ತೂಗಿದ. ಹ್ಯೂ ನನ್ನ ಮಡಿಲಲ್ಲಿ ಮಲಗಿದ್ದ.

ಚಿಕ್ಕಂದಿನಲ್ಲಿ ಮಠದಲ್ಲಿ ಕಲಿತ ಲ್ಯಾಟಿನ್ ನಿನಗೂ ನನಗೂ ಬರುತ್ತದೆ ಅಕ್ಕ, ಇವರಿಗೆ ಬರುವುದಿಲ್ಲ. ಲ್ಯಾಟಿನ್‌ನಲ್ಲಿದ್ದಿದ್ದರೆ ಆ ಮಾತು ಇವರ ಗಂಟಲಲ್ಲಿ ನಿಲ್ಲುತ್ತಿತ್ತೇ? ನಿನ್ನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಹ್ಯೂ ಎದ್ದ.

ನಿನ್ನ,
ಅವಿಸ್

ಮತ್ತೊಂದು ಮಾತು: ನಿಮ್ಮ ಮಠದ ಗುರುಗಳು ಮೀನಿನ ಪೇಟೆಯಲ್ಲೇ ನಿಂತು ನೋಡಿದರು. ಪಿಯರ್ಸ್ ಸಾಕ್ಷಾತ್ ಮರಿಯಮ್ಮನೇ ಆಗಿದ್ದನೆಂದು ಇವರ ಹತ್ತಿರ ಹೊಗಳಿದರಂತೆ. ನಿನ್ನ ಹತ್ತಿರವೂ ಹೇಳುತ್ತಾರೆ, ಸುಮ್ಮನೆ ಹೂಂ ಅನ್ನು. ಅಲ್ಲಿ ಮರಿಯಮ್ಮನ ಮುಸುಕಿನೊಳಗಿದ್ದವಳು ನಾನು. ಇವರಿಗೆ ಓದಿ ಓದಿ ಬಾಯಿಪಾಠ ಮಾಡಿಸಿದ್ದವಳಿಗೆ ಮಾತೆಲ್ಲ ಬರುತ್ತಿತ್ತು. ಇವರು ಮೊಣಕಾಲೂರಿದಾಗ ಮಾತ್ರ ಬರೆದಿದ್ದ ಉತ್ತರ ಬಿಟ್ಟು, "ಕೇಳಿದ್ರೆ ಕೊಡ್ತಿದ್ದೆ" ಅಂದುಬಿಟ್ಟೆ. ಜನ ಅದೂ ಆಟದ್ದೇ ಅಂದುಕೊಂಡರು. ಇವರು ಅಂದುಕೊಳ್ಳಲಿಲ್ಲ.